ಬಿಳಿ ಹೋಗುವುದೆಲ್ಲ ರೋಗವಲ್ಲ

ಕಲಬುರಗಿಯ ಗರ್ಭಚೀಲ ಹಗರಣ ನೆನಪಿದೆಯಾ? ಬಯಲಿಗೆ ಬಂದಿದ್ದು 2015ರಲ್ಲಿ. ತಾಂಡಾಗಳ ಲಂಬಾಣಿ ಮಹಿಳೆಯರು, ದಲಿತ ಮಹಿಳೆಯರು ಹೊಟ್ಟೆನೋವು, ಸೊಂಟನೋವು, ಬಿಳಿ ಸೆರಗು ಅಂತ ಖಾಸಗಿ ಆಸ್ಪತ್ರೆಗಳಿಗೆ ಹೋದರೆ, ಕ್ಯಾನ್ಸರ್ ಆಗುತ್ತೆ ಅಂತ ಹೆದರಿಸಿ ಗರ್ಭಚೀಲವನ್ನೇ ತೆಗೆದು ಕಳಿಸಿದ್ದರು. ಇಂಥವರು ಸುಮಾರು 2,200 ಮಂದಿ ಎಂದು ವರದಿಯಾಗಿತ್ತು. ಅನೇಕರಿಗೆ 40 ಕೂಡ ತುಂಬಿರಲಿಲ್ಲ.

ಈ ಸುದ್ದಿಯನ್ನು ಓದುವಾಗೆಲ್ಲ ನಾನು ನಿಲ್ಲುವುದು 'ಬಿಳಿ ಸೆರಗು' ಎಂಬಲ್ಲಿ. ಆಳಂದ, ಅಫಜಲಪುರ, ಜೇವರ್ಗಿ ಕಡೆ 'ಬಿಳಿ ಹೋಗ್ತದ್ರೀ' ಅನ್ನೋದು ದನಿ ತಗ್ಗಿಸಿ ಹೇಳುವ ಮಾತು. ಅದು ಸೋಂಕೂ ಇರಬಹುದು. ಆದರೆ ಪ್ರತಿ ಋತುಚಕ್ರದಲ್ಲಿ ಕೆಲವು ದಿನ ಹೋಗುವ ಬಿಳಿ, ಅಂಡಾಣು ಹೊರಬರುವ ಹೊತ್ತು ಹತ್ತಿರವಾಗಿದೆ ಎನ್ನುವ ಸೂಚನೆ. ರೋಗ ಯಾವುದು, ಸೂಚನೆ ಯಾವುದು ಅಂತ ಬೇರೆ ಮಾಡೋದನ್ನು ಶಾಲೆಯಲ್ಲಿ ಹೇಳಿಕೊಡಲ್ಲ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಲೆಕ್ಕ ಹೀಗಿದೆ. ಮುಟ್ಟಾದ ಮೊದಲ ದಿನವೇ ಚಕ್ರದ 1ನೇ ದಿನ. ಮುಟ್ಟು ಮುಗಿದ ಮೇಲೆ ಕೆಲವು ದಿನ ಒಣಗಿದಂತೆ ಇರುತ್ತದೆ. ಆಮೇಲೆ ಅಂಟಂಟು ದ್ರವ. ಅಂಡಾಣು ಹೊರಬರುವ ಹೊತ್ತಿಗೆ ಅದು ಹಸಿ ಮೊಟ್ಟೆಯ ಬಿಳಿಯ ಥರ ತಿಳಿಯಾಗಿ, ಜಾರುವಂತೆ, ಎರಡು ಬೆರಳ ನಡುವೆ ಎಳೆದರೆ ದಾರದಂತೆ ಬರುತ್ತದೆ. ಅಂಡಾಣು ಬದುಕುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಈ ದ್ರವದ ನೆರವಿನಿಂದ ಐದು ದಿನದವರೆಗೂ ಉಳಿಯಬಲ್ಲದು. ಹಾಗಾಗಿ ಗರ್ಭ ನಿಲ್ಲಬಹುದಾದ ಅವಧಿ ಸುಮಾರು ಆರು ದಿನ, ಅಷ್ಟೇ. ಅಂಡಾಣು ಹೊರಬಂದ ಮೇಲೆ ದ್ರವ ಮತ್ತೆ ಗಟ್ಟಿಯಾಗಿ ಕಡಿಮೆಯಾಗುತ್ತದೆ. ಬೆಳಿಗ್ಗೆ ಏಳುವ ಮೊದಲೇ ಅಳೆದರೆ ಮೈಯ ಉಷ್ಣಾಂಶ 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿರುತ್ತದೆ.

'14ನೇ ದಿನ' ಅನ್ನೋದನ್ನು ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಅದು 28 ದಿನದ ಚಕ್ರದವರ ಸರಾಸರಿ. ನಿಜವಾದ ಎಣಿಕೆ ಹಿಂದಿನಿಂದ ಶುರುವಾಗುತ್ತದೆ: ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು. 35 ದಿನದ ಚಕ್ರವಾದರೆ 21ನೇ ದಿನದ ಆಸುಪಾಸು. ಹೊಟ್ಟೆಗೆ ಸಾಲದೆ ದುಡಿದರೆ, ಜ್ವರ ಬಂದರೆ, ಚಿಂತೆ ಹೆಚ್ಚಾದರೆ ಹಿಂದೆ ಮುಂದೆ ಆಗೋದು ಹೆಚ್ಚಾಗಿ ಮೊದಲ ಅರ್ಧವೇ. ಮೊಬೈಲ್ ಆ್ಯಪ್‌ಗಳು ಕ್ಯಾಲೆಂಡರ್ ನೋಡಿ ಊಹಿಸುತ್ತವೆ. ಅವನ್ನೇ ನಂಬಿ ಗರ್ಭ ತಡೆಯಲು ಹೋಗಬೇಡಿ. ಮೂತ್ರದಲ್ಲಿ ನೋಡುವ ಕಿಟ್ ಒಂದೆರಡು ದಿನ ಮೊದಲು ಸೂಚನೆ ಕೊಡುತ್ತದೆ, ಪಿಸಿಒಎಸ್ ಇದ್ದವರಲ್ಲಿ ಅದೂ ದಾರಿ ತಪ್ಪಿಸಬಹುದು.

ಕೆಟ್ಟ ವಾಸನೆ, ತುರಿಕೆ, ಮೊಸರು ಒಡೆದಂಥ ಬಿಳಿ, ಹಳದಿ-ಹಸಿರು ಬಣ್ಣ, ಜ್ವರದ ಜೊತೆ ಕಿಬ್ಬೊಟ್ಟೆ ನೋವು ಇದ್ದರೆ ವೈದ್ಯರಿಗೆ ತೋರಿಸಲೇಬೇಕು. ಆದರೆ ಇಂಥ ಸೋಂಕಿಗೆ ಸಾಮಾನ್ಯವಾಗಿ ಮದ್ದು ಮಾತ್ರೆ, ಕತ್ತರಿಯಲ್ಲ.

'ಅವರಿಗೆ ತಿಳಿವಳಿಕೆ ಇರಲಿಲ್ಲ, ಅದಕ್ಕೇ ಹೀಗಾಯ್ತು' ಅಂತ ಹೇಳೋರಿದ್ದಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಗೊತ್ತಿದ್ದೂ ಸುಳ್ಳು ಹೇಳಿದವರು ಆಪರೇಷನ್ ಥಿಯೇಟರ್‌ನಲ್ಲಿದ್ದರು. ಅಂಡಾಶಯವನ್ನೂ ತೆಗೆದರೆ ಚಿಕ್ಕ ವಯಸ್ಸಿಗೇ ಮುಟ್ಟು ನಿಂತವರ ತೊಂದರೆಗಳೆಲ್ಲ ಒಮ್ಮೆಲೇ ಬರುತ್ತವೆ, ಮೂಳೆ ಸವೆಯುತ್ತದೆ. ಕೂಲಿಗೆ ಹೋಗುವ ಹೆಂಗಸಿಗೆ ಮೂಳೆಯೇ ಬಂಡವಾಳ.

ಸರ್ಕಾರ 'ಶುಚಿ' ಯೋಜನೆಯಲ್ಲಿ ಪ್ಯಾಡ್ ಕೊಡುತ್ತದೆ, ಸಂತೋಷ. ಬಸುರಿಯಾದರೆ ತಾಯಿ ಕಾರ್ಡ್ ಕೊಡುತ್ತದೆ. ಬಸುರಿಯಾಗುವ ಮೊದಲು ಒಂದು ಹುಡುಗಿಗೆ ತನ್ನ ಚಕ್ರ ಬರೆದಿಡುವ ಕಾರ್ಡನ್ನು ಯಾಕೆ ಕೊಡಬಾರದು? ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುತ್ತಾರೆ, ಅವರಿಗೆ ತರಬೇತಿ ಮತ್ತು ತಕ್ಕ ಸಂಬಳ ಕೊಟ್ಟು ಇದನ್ನು ಮಾಡಿಸಬಹುದು. ಮಕ್ಕಳಾಗಿಲ್ಲ ಅಂತ ಸೊಸೆಯನ್ನಷ್ಟೇ ಆಸ್ಪತ್ರೆಗೆ ಅಲೆಸುವ ಮನೆಗಳಿಗೂ ಆ ಕಾರ್ಡ್ ಉಪಯೋಗಕ್ಕೆ ಬರುತ್ತದೆ. ಅವಳ ಚಕ್ರ ಸರಿಯಿದೆ ಅಂತ ಕಂಡರೆ, ಮಗನ ವೀರ್ಯ ಪರೀಕ್ಷೆಯ ಮಾತು ಎತ್ತಲೇಬೇಕಲ್ಲ.

ಅನಗತ್ಯ ಗರ್ಭಚೀಲ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಅಂತ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದ್ದು 2023ರ ಏಪ್ರಿಲ್‌ನಲ್ಲಿ. ಯಾರಾದರೂ 'ಚೀಲ ತೆಗೀಬೇಕು' ಅಂದರೆ ಸ್ಕ್ಯಾನಿಂಗ್ ವರದಿ ಕೈಗೆ ಇಸ್ಕೊಳ್ಳಿ, ಕಲಬುರಗಿಯ ಜಿಮ್ಸ್‌ಗೆ ಹೋಗಿ ಇನ್ನೊಬ್ಬ ವೈದ್ಯರಿಗೆ ತೋರಿಸಿ. ಹೋಗುವಾಗ ಕಳೆದ ಮೂರು ತಿಂಗಳ ಮುಟ್ಟಿನ ತಾರೀಖು ಬರೆದುಕೊಂಡು ಹೋಗಿ.