ಯುದ್ಧಕಾಲದ ತೂತಿನ ಕಾಸು

ಮೊದಲ ಮಹಾಯುದ್ಧದ ವೇಳೆ ಜರ್ಮನಿಯಲ್ಲಿ ಚಿಲ್ಲರೆಗೆ ಬರ ಬಂದು, ಊರೂರಿನ ಆಡಳಿತಗಳೇ ಸತು, ಕಬ್ಬಿಣದ ನಾಣ್ಯಗಳನ್ನು ಹೊರಡಿಸಿದವು. ಯುದ್ಧ ಮುಗಿದ ಮೇಲೂ ಅವು ನಿಲ್ಲಲಿಲ್ಲ. 1921ರ ಸುಮಾರಿಗೆ ಮೈಸ್ಸೆನ್‌ನಲ್ಲಿ ಪಿಂಗಾಣಿ ನಾಣ್ಯಗಳೂ ತಯಾರಾದವು. ಸಂಗ್ರಾಹಕರಿಗೆ ಇವು ಅಚ್ಚುಮೆಚ್ಚು.

ಯುದ್ಧ ನಾಣ್ಯವನ್ನು ಬದಲಿಸಿದ್ದು ಜರ್ಮನಿಯಲ್ಲಷ್ಟೇ ಅಲ್ಲ, ನಮ್ಮಲ್ಲೂ. ದೇವನಹಳ್ಳಿ, ದೊಡ್ಡಬಳ್ಳಾಪುರದ ಸಂತೆಗಳಲ್ಲಿ ಆಗ ಓಡಾಡುತ್ತಿದ್ದುದು ಬ್ರಿಟಿಷ್ ಭಾರತದ ನಾಣ್ಯವೇ. ಎರಡನೇ ಮಹಾಯುದ್ಧದಲ್ಲಿ ಅದೂ ಬದಲಾಯಿತು. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು. ಕಂಚು ಉಳಿಸಲು 1943ರಲ್ಲಿ ನಡುವೆ ದೊಡ್ಡ ತೂತಿದ್ದ ಕಾಸು ಬಂತು. ರೂಪಾಯಿಗೆ 64 ಕಾಸು. ಅದರಲ್ಲಿ ರಾಜನ ಮುಖವಿಲ್ಲ, ಕಿರೀಟ ಮಾತ್ರ. ಲಾಹೋರ್ ಟಂಕಸಾಲೆಯದರಲ್ಲಿ ‘ಎಲ್’ ಗುರುತಿದೆ.

ನಾಣ್ಯ ಸಂಗ್ರಹಕ್ಕಿಳಿಯುವ ಹೊಸಬರಿಗೆ ಈ ತೂತಿನ ಕಾಸಿಗಿಂತ ಒಳ್ಳೆಯ ಆರಂಭವಿಲ್ಲ. ಹುಣಸೆಹಣ್ಣು ಹಾಕಿ ಮಾತ್ರ ಉಜ್ಜಬಾರದು: ಹಳೆಯ ಬಣ್ಣ ಹೋದರೆ ಬೆಲೆಯೂ ಇಳಿಯುತ್ತದೆ.