ಕಿತ್ತಳೆ ಕೇಬಲ್ಲಿಗೆ ಕಿಲುಬು ಹಿಡಿಯದಂತೆ

ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ದಾರಿಯಲ್ಲಿ ಹಿಮ ಬೀಳುವುದಿಲ್ಲ. ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುವವರೂ ಇಲ್ಲ. ಆದರೂ ಈ ಸೀಮೆಯಲ್ಲಿ ಹೈಬ್ರಿಡ್ ಕಾರು ಇಟ್ಟುಕೊಂಡವರು ಕೆನಡಾದ ಒಂದು ಪ್ರಕರಣವನ್ನು ತಿಳಿದಿರಲೇಬೇಕು.

ಕೆನಡಾದಲ್ಲಿ ಚಳಿಗಾಲ ಬಂತೆಂದರೆ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ವರ್ಷಕ್ಕೆ ಸುಮಾರು 50 ಲಕ್ಷ ಟನ್ ಎಂಬುದು ಅಲ್ಲಿನ ಸರ್ಕಾರವೇ ಮಾಡಿದ್ದ ಅಂದಾಜು. ಕರಗಿದ ಹಿಮ, ಉಪ್ಪು, ಕೆಸರು ಎಲ್ಲ ಸೇರಿದ ನೀರು ಚಕ್ರದಿಂದ ಚಿಮ್ಮಿ ಕಾರಿನ ಅಡಿಭಾಗಕ್ಕೆ ಮೆತ್ತಿಕೊಳ್ಳುತ್ತದೆ. ಟೊಯೊಟಾ ಕಂಪನಿಯ ರಾವ್4 ಹೈಬ್ರಿಡ್ ಕಾರುಗಳಿಗೆ ಹಿಂದಿನ ಚಕ್ರ ತಿರುಗಿಸಲು ಪ್ರತ್ಯೇಕ ವಿದ್ಯುತ್ ಮೋಟಾರು ಇದೆ. ಅದಕ್ಕೆ ಹೋಗುವ ಹೈವೋಲ್ಟೇಜ್ ಕೇಬಲ್ಲಿನ ಕನೆಕ್ಟರ್ ಇದ್ದದ್ದು ಕಾರಿನ ತಳದಲ್ಲಿ, ಕೆಸರಿನ ಸಿಡಿತಕ್ಕೆ ನೇರ ಸಿಗುವ ಜಾಗದಲ್ಲಿ. 2019ರಿಂದ ಬಂದ ಮಾದರಿಗಳಲ್ಲಿ ಹಲವರ ಕನೆಕ್ಟರು ಕೆಲವೇ ಚಳಿಗಾಲಗಳಲ್ಲಿ ಕಿಲುಬು ಹಿಡಿದು ಹಾಳಾಯಿತು. ದುರಸ್ತಿಗೆ ಸಾವಿರಾರು ಡಾಲರ್ ಬಿಲ್ ಬಂದಾಗ ಮಾಲೀಕರು ಸುಮ್ಮನಿರಲಿಲ್ಲ. ಕೊನೆಗೆ ಕಂಪನಿ ಆ ಕೇಬಲ್ಲಿನ ವಾರಂಟಿಯನ್ನು ವಿಸ್ತರಿಸಬೇಕಾಯಿತು.

ಒಳಗೆ ಆದದ್ದೇನು? ಹೈವೋಲ್ಟೇಜ್ ಕೇಬಲ್ಲಿನ ನಡುವೆ ವಿದ್ಯುತ್ ಹರಿಯುವ ತಂತಿ, ಅದರ ಸುತ್ತ ಇನ್ಸುಲೇಷನ್, ಅದರ ಮೇಲೆ ಸಣ್ಣ ಲೋಹದೆಳೆಗಳಿಂದ ಹೆಣೆದ ಕವಚ, ಹೊರಗೆ ಕಿತ್ತಳೆ ಬಣ್ಣದ ಹೊದಿಕೆ ಇರುತ್ತವೆ. ಕೇಬಲ್ಲು ಮೋಟಾರಿಗೆ ಸೇರುವಲ್ಲಿ ಅಲ್ಯೂಮಿನಿಯಂ, ತಾಮ್ರ, ಉಕ್ಕು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಬೇರೆ ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಹುಟ್ಟುತ್ತದೆ. ಅದರಲ್ಲಿ ಒಂದು ಲೋಹ ಸವೆಯುತ್ತಾ ಹೋಗುತ್ತದೆ. ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ, ತಾಮ್ರಕ್ಕೆ ಹಸಿರು ಕಿಲುಬು ಕೂರುತ್ತದೆ. ಬರಿಯ ಮಳೆನೀರಿನಲ್ಲಿ ಇದೆಲ್ಲ ನಿಧಾನ. ಉಪ್ಪು ಬೆರೆತರೆ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದರಿಂದ ವೇಗ ಬರುತ್ತದೆ. ಕಿಲುಬು ಒಳಕ್ಕೆ ಇಳಿದು ವಿದ್ಯುತ್ ಕಾರಿನ ಲೋಹದ ಮೈಗೆ ಸೋರತೊಡಗಿದರೆ ಕಾರಿನ ಕಂಪ್ಯೂಟರು ಅದನ್ನು ಗುರುತಿಸಿ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿಸುತ್ತದೆ. ಅಷ್ಟು ಹೊತ್ತಿಗೆ ಕೇಬಲ್ಲು ಬಹುತೇಕ ಹೋದಂತೆಯೇ.

ನಮ್ಮಲ್ಲಿ ಓಡಾಡುವ ಹೈಬ್ರಿಡ್ ಕಾರುಗಳಲ್ಲಿ ಬಹಳಷ್ಟು ತಯಾರಾಗುವುದು ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ. 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಅಲ್ಲಿಂದ ಹೊರಬಂತು, ಆಮೇಲೆ ಹೈರೈಡರ್, ಇನೋವಾ ಹೈಕ್ರಾಸ್ ಬಂದವು. ಇವುಗಳಲ್ಲಿ ವಿದ್ಯುತ್ ಮೋಟಾರು ಇರುವುದು ಮುಂದಿನ ಚಕ್ರಗಳಿಗೆ. ಹಾಗಾಗಿ ಕೆನಡಾದಲ್ಲಿ ಕೈಕೊಟ್ಟ ಆ ಹಿಂಬದಿಯ ಜೋಡಣೆಯೇ ಇವುಗಳಲ್ಲಿಲ್ಲ. ಇದು ಸಮಾಧಾನದ ಮಾತು, ಆದರೆ ಪೂರ್ತಿ ನಿಶ್ಚಿಂತೆಯ ಮಾತಲ್ಲ. ಹೈರೈಡರಿನ ಹೈಬ್ರಿಡ್ ಬ್ಯಾಟರಿ ಹಿಂದಿನ ಡಿಕ್ಕಿಯ ಕಡೆ ಇದೆ, ಎಂಜಿನ್ ಮುಂದಿದೆ. ನಡುವಿನ ಕೇಬಲ್ಲು ಕಾರಿನ ಉದ್ದಕ್ಕೂ ಹಾಯಲೇಬೇಕು.

ಹಾಗಾದರೆ ಕೋಲಾರ ಜಿಲ್ಲೆಯಲ್ಲಿ ಉಪ್ಪು ಎಲ್ಲಿಂದ ಬರುತ್ತದೆ? ಮೊದಲನೆಯದಾಗಿ, ನಲ್ಲಿಯಿಂದಲೇ. ಸಾವಿರ ಅಡಿಗೂ ಕೆಳಗಿಳಿದ ಬೋರ್‌ವೆಲ್ಲುಗಳ ಗಡಸು ನೀರಿನಲ್ಲಿ ಕರಗಿದ ಲವಣ ಧಾರಾಳವಾಗಿರುತ್ತದೆ. ಆ ನೀರಲ್ಲಿ ತೊಳೆದ ಕಾರನ್ನು ಒರೆಸದೆ ಬಿಸಿಲಿಗೆ ಬಿಟ್ಟರೆ ಗಾಜಿನ ಮೇಲೆ ಬಿಳಿ ಕಲೆ ಮೂಡುವುದನ್ನು ಎಲ್ಲರೂ ನೋಡಿದ್ದಾರೆ. ಅದೇ ಪದರ ಕಣ್ಣಿಗೆ ಬೀಳದ ಅಡಿಭಾಗದಲ್ಲೂ ಕೂರುತ್ತದೆ, ಪ್ರತಿ ತೊಳೆತಕ್ಕೂ ಒಂದಿಷ್ಟು ದಪ್ಪವಾಗುತ್ತದೆ. ರಸ್ತೆಗೆ ಸುರಿದ ಉಪ್ಪಿನ ಮುಂದೆ ಇದು ಏನೇನೂ ಅಲ್ಲ. ಆದರೆ ಕೆನಡಾದ ಉಪ್ಪು ಚಳಿಗಾಲಕ್ಕೆ ಸೀಮಿತ, ಇದು ವರ್ಷವಿಡೀ.

ಎರಡನೆಯದು ಧೂಳು. ಚಿನ್ನದ ಅದಿರನ್ನು ಅರೆದು, ಸಯನೈಡ್ ದ್ರಾವಣದಲ್ಲಿ ಚಿನ್ನ ತೆಗೆದುಕೊಂಡ ಮೇಲೆ ಉಳಿದ ಪುಡಿಯನ್ನು ಶತಮಾನಕ್ಕೂ ಹೆಚ್ಚು ಕಾಲ ಕೆಜಿಎಫ್‌ನಲ್ಲಿ ರಾಶಿ ಹಾಕಲಾಯಿತು. 2001ರಲ್ಲಿ ಗಣಿ ಮುಚ್ಚಿತು, ಸಯನೈಡ್ ದಿಬ್ಬಗಳು ಊರ ನಡುವೆಯೇ ಉಳಿದವು. ಆಷಾಢದ ಗಾಳಿಗೆ ಅವುಗಳ ನುಣುಪು ಪುಡಿ ಎದ್ದು ಮನೆ, ಅಂಗಡಿ, ವಾಹನ ಎಲ್ಲದರ ಮೇಲೂ ಇಳಿಯುತ್ತದೆ. ಇಲ್ಲಿನ ಜನರ ಎದೆಗೆ ಆಗುವ ತೊಂದರೆಯ ಮುಂದೆ ಕಾರಿನ ಮಾತು ಚಿಕ್ಕದು, ನಿಜ. ಆದರೂ ಕನೆಕ್ಟರಿನ ಸಂದಿಯಲ್ಲಿ ಕೂತ ಇಂಥ ಪುಡಿ ನೀರನ್ನು ಬೇಗ ಆರಲು ಬಿಡುವುದಿಲ್ಲ. ಒದ್ದೆ ಹೆಚ್ಚು ಹೊತ್ತು ಉಳಿದಷ್ಟೂ ಕಿಲುಬಿಗೆ ಅನುಕೂಲ.

ಕನೆಕ್ಟರನ್ನು ನಿಜವಾಗಿ ಕಾಯುವುದು ಅದರೊಳಗಿನ ರಬ್ಬರ್ ಸೀಲ್. ಐಪಿ67 ಎಂಬ ಗುರುತಿದ್ದರೆ ಒಂದು ಮೀಟರ್ ಆಳದ ನೀರಲ್ಲಿ ಅರ್ಧ ಗಂಟೆ ಮುಳುಗಿದರೂ ನೀರು ಒಳಹೋಗದು ಎಂದರ್ಥ. ಇದು ಸೀಲ್ ಚೆನ್ನಾಗಿದ್ದು, ಕೊಂಡಿ ಸರಿಯಾಗಿ ಕೂತಿದ್ದಾಗಿನ ಲೆಕ್ಕ. ಸೀಲ್ ಒಮ್ಮೆ ಸೀಳಿತೋ, ಅದೇ ಡಬ್ಬಿ ಒಳಹೋದ ನೀರನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಹೀಗಾಗಿ ವಾಟರ್ ಸರ್ವಿಸ್‌ಗೆ ಬಿಡುವಾಗ ಒಂದು ಮಾತು ಹೇಳಿಬಿಡಬೇಕು: ತಳ ತೊಳೆಯಿರಿ, ಆದರೆ ಕಿತ್ತಳೆ ಕೇಬಲ್ಲಿನ ತುದಿಗೆ, ಕನೆಕ್ಟರಿಗೆ ಹತ್ತಿರದಿಂದ ಪ್ರೆಷರ್ ಗನ್ ಹಿಡಿಯಬೇಡಿ. ತೊಳೆದ ಮೇಲೆ ಕಾರು ಸ್ವಲ್ಪ ದೂರ ಓಡಿದರೆ ಅಡಿಭಾಗ ಗಾಳಿಗೆ ಆರುತ್ತದೆ. ಮಳೆನೀರು ಹಿಡಿದಿಟ್ಟವರಿಗೆ ಕೊನೆಯ ಜಾಲಾಡಿಕೆಗೆ ಅದಕ್ಕಿಂತ ಒಳ್ಳೆಯ ನೀರಿಲ್ಲ.

ಆಂಟಿ ರಸ್ಟ್ ಹೊಡೆಸುವಾಗಲೂ ಇದೇ ಎಚ್ಚರ ಬೇಕು. ಲೋಹದ ಚಾಸಿಗೆ ಒಳ್ಳೆಯದಾದ ಲೇಪನ ಕನೆಕ್ಟರಿಗೆ ಒಳ್ಳೆಯದಲ್ಲದಿರಬಹುದು. ಪೆಟ್ರೋಲಿಯಂ ಬೆರೆತ ಎಣ್ಣೆಗಳು ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತವೆ. ಕಂಪನಿಯ ಸರ್ವಿಸ್ ಕೈಪಿಡಿ ಹೇಳದ ಹೊರತು ಅಲ್ಲಿಗೆ ಗ್ರೀಸೂ ಬೇಡ.

ಇನ್ನು ಬಿಚ್ಚಿ ನೋಡುವ ಮಾತು. ಕೆಜಿಎಫ್‌ಗೆ ಹೈವೋಲ್ಟೇಜ್ ಹೊಸದಲ್ಲ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಈ ಗಣಿಗಳಿಗೆ 1902ರಲ್ಲೇ 30 ಸಾವಿರ ವೋಲ್ಟ್ ಆಸುಪಾಸಿನ ವಿದ್ಯುತ್ ಹರಿದಿತ್ತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಹೈಬ್ರಿಡ್ ಕಾರಿನಲ್ಲಿ ಇರುವುದು ಕೆಲವು ನೂರು ವೋಲ್ಟ್ ಮಾತ್ರ, ಆದರೆ ನೇರ ವಿದ್ಯುತ್ತು 60 ವೋಲ್ಟ್ ದಾಟಿದರೆ ಮನುಷ್ಯನಿಗೆ ಅಪಾಯ ಎಂದೇ ವಾಹನ ಉದ್ಯಮ ಲೆಕ್ಕ ಹಾಕುತ್ತದೆ. ಎಂಜಿನ್ ಆಫ್ ಆದರೆ ಸಾಲದು. ತರಬೇತಾದ ಮೆಕ್ಯಾನಿಕ್ ಮೊದಲು ಸರ್ವಿಸ್ ಪ್ಲಗ್ ಕಿತ್ತು, ಒಳಗಿನ ಕೆಪಾಸಿಟರುಗಳು ಖಾಲಿಯಾಗಲು ಹತ್ತು ನಿಮಿಷ ಕಾದು, ಸಾವಿರ ವೋಲ್ಟಿಗೆ ತಡೆಯುವ ರಬ್ಬರ್ ಗ್ಲೌಸ್ ಹಾಕಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲಷ್ಟೇ ಕನೆಕ್ಟರ್ ಮುಟ್ಟುತ್ತಾನೆ. ಈ ಸಲಕರಣೆ ಇಲ್ಲದ ಗ್ಯಾರೇಜಿನಲ್ಲಿ ಬ್ರೇಕ್, ಸಸ್ಪೆನ್ಷನ್ ಕೆಲಸ ಧಾರಾಳವಾಗಿ ಮಾಡಿಸಬಹುದು. ಕಿತ್ತಳೆ ಕೇಬಲ್ಲಿಗೆ ಮಾತ್ರ ಅಲ್ಲಿ ಯಾರೂ ಕೈ ಹಾಕಬಾರದು. ಮಾಲೀಕರು ಮಾಡಬಹುದಾದದ್ದು, ಕಾರು ಲಿಫ್ಟಿನ ಮೇಲಿದ್ದಾಗ ಟಾರ್ಚ್ ಬಿಟ್ಟು ನೋಡುವುದು: ಹೊದಿಕೆ ಹರಿದಿದೆಯೇ, ಕ್ಲಿಪ್ಪು ಕಳಚಿ ಕೇಬಲ್ಲು ಜೋತಿದೆಯೇ, ಕನೆಕ್ಟರಿನ ಅಂಚಿನಲ್ಲಿ ಬಿಳಿ ಅಥವಾ ಹಸಿರು ಪುಡಿ ಇದೆಯೇ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಇದನ್ನು ತಪ್ಪದೆ ಮಾಡಬೇಕು. ಚೆನ್ನೈ ಇಲ್ಲಿಗೆ ದೂರವಿಲ್ಲ, ಹೊಸ ಎಕ್ಸ್‌ಪ್ರೆಸ್ ವೇ ಅದನ್ನು ಇನ್ನೂ ಹತ್ತಿರ ತರುತ್ತಿದೆ. ಕಡಲಂಚಿನಲ್ಲಿ ವರ್ಷಗಟ್ಟಲೆ ನಿಂತ ಕಾರಿನ ತಳಕ್ಕೆ ಉಪ್ಪುಗಾಳಿ ತಾಗಿರುತ್ತದೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಆ ನಗರದಲ್ಲಿ ಕಾರುಗಳು ನೀರಲ್ಲಿ ತೇಲಿದ್ದನ್ನು ಟಿವಿಯಲ್ಲಿ ಎಲ್ಲರೂ ಕಂಡಿದ್ದಾರೆ. ತಮಿಳುನಾಡು ನೋಂದಣಿಯ ಹೈಬ್ರಿಡ್ ಕಾರು ಅಗ್ಗಕ್ಕೆ ಸಿಕ್ಕರೆ ಮುಂಗಡ ಕೊಡುವ ಮೊದಲು ವಿಮೆಯ ಕ್ಲೇಮಿನ ಇತಿಹಾಸ ಕೇಳಿ, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಇನ್ಸುಲೇಷನ್ ಪರೀಕ್ಷೆ ಮಾಡಿಸಿ. ಕೇಬಲ್ಲಿನ ಮೇಲೆ ಎಲ್ಲಾದರೂ ಕಪ್ಪು ಟೇಪ್ ಸುತ್ತಿದ್ದು ಕಂಡರೆ ಆ ಕಾರನ್ನು ಅಲ್ಲೇ ಬಿಡಿ. ಹೈವೋಲ್ಟೇಜ್ ಕೇಬಲ್ಲನ್ನು ನಡುವೆ ತುಂಡರಿಸಿ ಬೆಸೆಯುವ ಪದ್ಧತಿ ಇಲ್ಲ. ಕೆಟ್ಟರೆ ಎರಡೂ ತುದಿಯ ಕನೆಕ್ಟರಿನ ಸಮೇತ ಇಡೀ ಕೇಬಲ್ಲನ್ನೇ ಬದಲಿಸುತ್ತಾರೆ.