ಮರದ ಬುಡಕ್ಕೂ ಬರಲಿ ಮಸೆಯುವ ಹಲಗೆ

ಒಂದು ತುಂಡು ಮರದ ಹಲಗೆ, ಅದರ ಮೇಲೆ ಚಿಟಿಕೆ ಬೆಣಚುಕಲ್ಲಿನ ಪುಡಿ. ಕರಾವಳಿಯಲ್ಲಿ ಕತ್ತಿ ಮಸೆಯುವ ಈ ಹಳೆಯ ಕ್ರಮ ಎಷ್ಟು ಯೋಚಿಸಿದರೂ ನನಗೆ ಅಚ್ಚರಿಯೇ. ಮರದ ಮೇಲೆ ಉಕ್ಕು ಹರಿತವಾಗುವುದು ಹೇಗೆ? ಸವೆಸುವುದು ಪುಡಿ, ಹಿಡಿದುಕೊಡುವುದು ಮರ. ಗಡಸುತನದ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿಗೆ 7ನೇ ಸ್ಥಾನ, ಕತ್ತಿಯ ಉಕ್ಕು ಸಾಮಾನ್ಯವಾಗಿ ಅದರ ಕೆಳಗೆ. ಮರ ಮೆದುವಾದ್ದರಿಂದಲೇ ಕಣಗಳು ಅದರೊಳಗೆ ಹೂತು, ಉರುಳಿಹೋಗದೆ ಅಲಗನ್ನು ತಿಕ್ಕುತ್ತವೆ. ಸೂರತ್ತಿನಲ್ಲಿ ವಜ್ರ ಉಜ್ಜುವ ಎರಕದ ಕಬ್ಬಿಣದ ಚಕ್ರ ವಜ್ರದ ಪುಡಿಯನ್ನು ಹಿಡಿದಿಡುವುದೂ ಇದೇ ತತ್ತ್ವದಿಂದ. ಮಂಗಳೂರಿನ ನೆಲದಲ್ಲಿ ಎಲ್ಲಿ ಅಗೆದರೂ ಸಿಗುವ ಮುರಕಲ್ಲು ತೂತುತೂತಾಗಿ ಉದುರುವಂಥದ್ದು, ಮಸೆಯಲು ಬಾರದು. ಸಾಣೆಕಲ್ಲು ಭಾರ, ಬಿದ್ದರೆ ಒಡೆಯುತ್ತದೆ, ನಡುವೆ ಸವೆದು ಹಳ್ಳವಾಗುತ್ತದೆ. ಹಲಗೆ ಸವೆದರೆ ಕೆತ್ತಿ ಸಮಮಾಡಿಕೊಂಡರಾಯಿತು.

ಈ ಹಲಗೆ ಮನೆಯ ಜಗಲಿಯಲ್ಲೇ ಉಳಿಯದೆ ಶೇಂದಿ ಇಳಿಸುವ ಮೂರ್ತೆದಾರರ ಜೊತೆ ಮರದ ಬುಡದವರೆಗೂ ಹೋಗಬೇಕೆಂಬುದು ನನ್ನ ವಾದ. ಹೊರಡುವ ಮುನ್ನ ಮಸೆದರೆ ಸಾಲದೇ ಎಂದು ಕೇಳಬಹುದು. ಒಂದೆರಡು ಮರಗಳಿಗೆ ಸಾಕು. ಆದರೆ ಅರಳದ ಹೊಂಬಾಳೆಯನ್ನು ಕಟ್ಟಿ, ಮೆಲ್ಲಗೆ ಬಡಿದು ಹದಮಾಡಿ, ತುದಿಯನ್ನು ಬೆಳಿಗ್ಗೆ ಸಂಜೆ ತೆಳ್ಳಗೆ ಕೆತ್ತುವ ಕೆಲಸ ಮರದಿಂದ ಮರಕ್ಕೆ ಸಾಗುತ್ತದೆ. ಗಾಯವಾದಲ್ಲಿ ಗಿಡ ತನ್ನ ರಸನಾಳಗಳನ್ನು ಮುಚ್ಚಿಕೊಳ್ಳುತ್ತದೆ. ಮತ್ತೆ ಮತ್ತೆ ಕೆತ್ತುವುದು ಅವುಗಳ ಬಾಯಿ ಬಿಡಿಸಲು. ಮೊಂಡು ಅಲಗು ಕೆತ್ತುವುದಿಲ್ಲ, ಜಜ್ಜುತ್ತದೆ. ಮೇಲಾಗಿ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಈ ಕಡಲ ಊರಿನಲ್ಲಿ ರಾತ್ರಿ ಮಸೆದಿಟ್ಟ ಉಕ್ಕಿನ ಅಂಚಿಗೆ ತುಕ್ಕು ಹಿಡಿಯಲು ಹೆಚ್ಚು ಹೊತ್ತು ಬೇಡ. ಹುಳಿಯುವ ಶೇಂದಿಯ ಆಮ್ಲವೂ ಅದಕ್ಕೆ ಜೊತೆಗೂಡುತ್ತದೆ. ಜೇಬಿಗೆ ಹಾಕುವ ಪೇಟೆಯ ಶಾರ್ಪನರ್ ಸಾಕೆನ್ನುವವರಿಗೆ ನನ್ನ ಉತ್ತರ: ಅದರ ಕೋನ ಮೊದಲೇ ಗೊತ್ತುಮಾಡಿದ್ದು, ಅಡುಗೆಮನೆಯ ಚಾಕುವಿಗೆ ಹೊಂದುವಂಥದ್ದು, ಅಗಲ ಅಲಗಿನ ಕತ್ತಿಗೆ ಕೋನ ಕೊಡಬೇಕಾದದ್ದು ಮಸೆಯುವವನ ಕೈ. ಮರದ ಮೇಲೆ ಹರಿತ ಕತ್ತಿ ಅಪಾಯವೆಂಬ ಆಕ್ಷೇಪವನ್ನೂ ಒಪ್ಪಲಾರೆ. ಮೊಂಡಾದ ಕತ್ತಿಗೆ ಹೆಚ್ಚು ಬಲ ಹಾಕಬೇಕು, ಅಷ್ಟು ಎತ್ತರದಲ್ಲಿ ಬಲ ಹಾಕಿದ ಕೈ ಜಾರುತ್ತದೆ.

ಇನ್ನೊಂದು ಆಕ್ಷೇಪ ನೈತಿಕವಾದದ್ದು. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳೇ ಶೇಂದಿ ಬೇಡವೆಂದಿರುವಾಗ ಮೂರ್ತೆಯ ಸಲಕರಣೆಗೇಕೆ ಇಷ್ಟು ಅಕ್ಕರೆ? ಗುರುಗಳ ಮಾತಿನ ತೂಕ ನನಗೆ ಗೊತ್ತು. ಆದರೆ ಇದೇ ಕೆತ್ತನೆಯಿಂದ ಹುಳಿಯದ ಸಿಹಿ ರಸವಾದ ನೀರಾ ಬರುತ್ತದೆ, ತಾಳೆಮರದ ಓಲೆಬೆಲ್ಲ ಬರುತ್ತದೆ. ಕಾಸರಗೋಡಿನಲ್ಲಿ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದ ಇಂದಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿ.ಪಿ.ಸಿ.ಆರ್.ಐ.) ಹುಳಿಯದ ರಸವನ್ನು ತಂಪಾಗಿ ಹಿಡಿಯುವ ಪೆಟ್ಟಿಗೆ ರೂಪಿಸಿ, ಆ ರಸಕ್ಕೆ ಕಲ್ಪರಸವೆಂದು ಹೆಸರಿಟ್ಟಿದೆ. ಪೆಟ್ಟಿಗೆ ಎಷ್ಟೇ ತಂಪಾಗಿರಲಿ, ರಸ ಮೊದಲು ಇಳಿಯಬೇಕಾದದ್ದು ಕತ್ತಿ ಕೆತ್ತಿದ ಬಾಯಿಂದ. ಹೊಸಬರಿಗೆ ಮರ ಏರುವುದನ್ನು ಕಲಿಸುವಷ್ಟೇ ಹೊತ್ತು ಮಸೆಯುವುದನ್ನು ಕಲಿಸಲೂ ಮೀಸಲಿಡಬೇಕು.

ಹಲಗೆಯ ವಿರುದ್ಧ ಗಟ್ಟಿಯಾಗಿ ನಿಲ್ಲುವ ದೂರು ಒಂದೇ, ಪುಡಿಯದು. ಬೆಣಚುಕಲ್ಲನ್ನು ಒಣಗಿದ್ದಾಗ ಕುಟ್ಟಿದರೆ ಏಳುವ ಸಿಲಿಕಾ ದೂಳು ಶ್ವಾಸಕೋಶಕ್ಕೆ ಇಳಿದು, ವಾಸಿಯಾಗದ ಸಿಲಿಕೋಸಿಸ್ ತರಬಲ್ಲದು. ಕಲ್ಲನ್ನು ನೀರು ಹಾಕಿ ತೋಯಿಸಿಯೇ ಕುಟ್ಟಬೇಕು, ಹಲಗೆಯ ಮೇಲೂ ಪುಡಿ ಒದ್ದೆಯಾಗಿರಬೇಕು. ಪುಡಿಯನ್ನು ಡಬ್ಬಿಯಲ್ಲಿ ಕಲಸಿಟ್ಟು ಒಯ್ದರೆ ಮರದ ಬುಡದಲ್ಲಿ ದೂಳಿನ ಮಾತೇ ಬಾರದು.